ಬೀಗರ ಮನೆಯ ಡಿಸ್ಕು

ಲಗ್ನದ ಡಿವಿಡಿ ಒಮ್ಮೆ ತಿಣುಕಿ ನಿಂತರೆ ಸಾಕು, 'ಇದು ಹೋಯ್ತು ಬಿಡ್ರಿ' ಅಂದುಬಿಡುತ್ತೇವೆ. ಬಹಳ ಸಲ ಅದು ಹೋಗಿರುವುದಿಲ್ಲ.

ನಮ್ಮ ಗಡಿಸೀಮೆಯಲ್ಲಿ ಅಂಥ ಡಿಸ್ಕಿಗೆ ಬೆಲೆ ಹೆಚ್ಚು. ನಾರಾಯಣಖೇಡ, ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಭಾಷಾವಾರು ವಿಂಗಡಣೆ ನಡುವೆ ಗೆರೆ ಎಳೆದು ಇವನ್ನು ತೆಲುಗು ಸೀಮೆಗೆ ಸೇರಿಸಿತು. ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ನಾರಾಯಣಖೇಡದ ಹತ್ತಿರದ ಕಲ್ಹೇರಿನ ಮಗಳು ಬೀದರಿಗೆ, ಬೀದರಿನ ಮಗಳು ನಾರಾಯಣಖೇಡಕ್ಕೆ. ಗೆರೆಯ ಈಚೆ ಬದಿಯ ಮಕ್ಕಳು ಇಂದು ತೆಲುಗು, ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಾರೆ. ಅರಿಶಿನ ಹಚ್ಚುವಾಗ ಅಜ್ಜಿ ಹಾಡಿದ ಸೋಬಾನೆ, ಈ ಸೀಮೆಯದೇ ಕನ್ನಡದಲ್ಲಿ, ಆ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಕ್ಕಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಗೀರು ಬೀಳುತ್ತದೆಂದು ತಿಳಿದೇ ಡಿಸ್ಕನ್ನು ಮಾಡಿದ್ದಾರೆ. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಕೊಟ್ಟ ವಿಧಾನವನ್ನು 1982ರಲ್ಲಿ ಮಾರುಕಟ್ಟೆಗೆ ಬಂದ ಸೀಡಿ ಬಳಸಿಕೊಂಡಿತು, ಮುಂದೆ ಡಿವಿಡಿಯೂ. ಅಕ್ಕಪಕ್ಕದ ಮಾಹಿತಿಯನ್ನು ಅಕ್ಕಪಕ್ಕ ಬರೆಯದೆ ದೂರ ದೂರ ಹರಡಿ, ಜೊತೆಗೆ ತಾಳೆ ನೋಡುವ ಅಂಕಿಗಳನ್ನು ಸೇರಿಸುತ್ತಾರೆ. ಅಡ್ಡ ಬಿದ್ದ ಸಣ್ಣ ಗೀರನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಮಾಹಿತಿ ಸುರುಳಿಯಾಗಿ ಸುತ್ತಿಕೊಂಡು ಹೋಗಿರುವುದರಿಂದ ಸುತ್ತುಗೀರು ಮಾತ್ರ ಕೇಡು. ಒರೆಸುವಾಗ ದುಂಡಗೆ ಉಜ್ಜಬೇಡಿ. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಸೀಡಿಯಾದರೆ ಹೆಸರು ಬರೆದ ಮೇಲ್ಮೈಯೇ ಹೆಚ್ಚು ನಾಜೂಕು, ಹೊಳೆಯುವ ಪದರ ಇರುವುದು ಅದರ ಕೆಳಗೇ. ಬೆಳಕಿಗೆ ಹಿಡಿದಾಗ ದೊಡ್ಡ ತೂತು ಕಂಡರೆ ಅಲ್ಲಿದ್ದುದು ಹೋದಂತೆಯೇ, ಅದನ್ನು ಆ ಡಿಸ್ಕಿನಿಂದ ಯಾವ ತಂತ್ರಾಂಶವೂ ತಾರದು.

ಉಳಿದದ್ದನ್ನು ತರುವ ತಂತ್ರಾಂಶಗಳಿವೆ. ನನಗೆ ಮೆಚ್ಚಿಗೆಯಾದದ್ದು ಡಿಡಿರೆಸ್ಕ್ಯೂ. ಆಂಟೋನಿಯೊ ಡಯಾಸ್ ಡಯಾಸ್ ಬರೆದದ್ದು, ಕಾಸಿಲ್ಲದೆ ಸಿಗುತ್ತದೆ, ಲಿನಕ್ಸ್‌ನಲ್ಲಿ ನಡೆಯುತ್ತದೆ. ಸಾಮಾನ್ಯ ಕಾಪಿ ಕೆಟ್ಟ ಜಾಗಕ್ಕೆ ಬಂದು ಕೈಚೆಲ್ಲುತ್ತದೆ. ಇದು ಅದನ್ನು ದಾಟಿ ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಎಲ್ಲಿ ಓದಲಾಗಲಿಲ್ಲ ಎಂಬುದನ್ನು ಒಂದು ಕಡತದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಆ ಜಾಗಗಳಿಗಷ್ಟೇ ಮರಳಿ ಬರುತ್ತದೆ. ಇವತ್ತು ನಿಲ್ಲಿಸಿ ನಾಳೆ ಬೇರೆ ಡ್ರೈವಿನಲ್ಲಿ ಮುಂದುವರಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು.

ಈ ಗುರುತಿನ ಕಡತದಿಂದ ಇನ್ನೊಂದು ದಾರಿಯೂ ತೆರೆಯುತ್ತದೆ. ಸ್ಟುಡಿಯೋದವರು ಒಂದೇ ಮೂಲದಿಂದ ಎರಡು ಡಿವಿಡಿ ಮಾಡಿ ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು ಕೊಟ್ಟಿದ್ದರೆ ಎರಡರಲ್ಲೂ ಇರುವುದು ಅಕ್ಷರಶಃ ಒಂದೇ. ಎರಡೂ ಕೆಟ್ಟಿರಬಹುದು, ಆದರೆ ಕೆಟ್ಟ ಜಾಗ ಒಂದೇ ಆಗಿರುವುದು ಅಪರೂಪ. ಕಲ್ಹೇರಿನ ಡಿಸ್ಕನ್ನು ಓದಿಸಿ, ಅದೇ ಗುರುತಿನ ಕಡತವಿಟ್ಟು ಬೀದರಿನ ಡಿಸ್ಕನ್ನು ಹಾಕಿದರೆ, ಮೊದಲನೆಯದರಲ್ಲಿ ಸಿಗದೆ ಹೋದ ತುಣುಕುಗಳನ್ನಷ್ಟೇ ಎರಡನೆಯದರಿಂದ ತೆಗೆದು ತುಂಬುತ್ತದೆ. ಅಲ್ಲಿ ತಾಳಿ ಕಟ್ಟುವ ಹೊತ್ತು ಹಾಳಾಗಿದ್ದರೆ ಇಲ್ಲಿಂದ ಬರುತ್ತದೆ. ಇಲ್ಲಿ ಸೋಬಾನೆ ನಿಂತಿದ್ದರೆ ಅಲ್ಲಿಂದ.

2000ರ ಆಸುಪಾಸಿನ ಲಗ್ನಗಳು ವಿಸಿಡಿಯಲ್ಲಿರಬಹುದು. ಅದರ ಬರವಣಿಗೆಯ ಬಗೆ ಬೇರೆ, ಅದಕ್ಕೆ ಐಸೋಬಸ್ಟರ್‌ನಂಥ ತಂತ್ರಾಂಶ ಸರಿ. ಇನ್ನೂ ಚೆನ್ನಾಗಿ ಓದುತ್ತಿರುವ ಡಿಸ್ಕಿದ್ದರೆ ಕೆಡುವವರೆಗೆ ಕಾಯದೆ ಈಗಲೇ ಕಾಪಿ ಮಾಡಿ. ಓದದ್ದಿದ್ದರೆ ಅಂಗಡಿಗೆ ಒಯ್ಯುವ ಮುನ್ನ ಬೀಗರಿಗೆ ಫೋನ್ ಮಾಡಿ, ಅವರ ಅಲಮಾರಿಯಲ್ಲಿರುವ ಡಿಸ್ಕನ್ನೂ ತರಲು ಹೇಳಿ.