ಹೀಗೂ ಕಟ್ಟಬಹುದು

ಸಿಡ್ನಿಯ ಆಪೆರಾ ಹೌಸ್ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಯನ್ನು 1957ರ ಜನವರಿಯಲ್ಲಿ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ ಅಲ್ಲಿಯತನಕ ಸಿಡ್ನಿಗೆ ಕಾಲಿಟ್ಟಿರಲಿಲ್ಲ. ಬಂದರಿನ ನೌಕಾ ನಕ್ಷೆಗಳನ್ನು ಮುಂದಿಟ್ಟುಕೊಂಡು ತಮ್ಮ ದೇಶದಲ್ಲೇ ಕೂತು ಗೆರೆ ಎಳೆದಿದ್ದರು. ಆರ್ಕಿಟೆಕ್ಚರ್ ಕಲಿಯುವವರು ದೇಶ ಸುತ್ತಲೇಬೇಕು ಎನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು ಅನಿಸಬಹುದು. ಸಾಲದು. ಅದಕ್ಕೂ ಎಂಟು ವರ್ಷ ಹಿಂದೆ, 1949ರಲ್ಲಿ, ಉಟ್ಸೋನ್ ಮೆಕ್ಸಿಕೊದಲ್ಲಿದ್ದರು. ಯುಕಟಾನಿನ ಕಾಡಿನಲ್ಲಿ ಮಾಯಾ ಜನ ಕಟ್ಟಿದ ಎತ್ತರದ ಕಲ್ಲಿನ ಜಗತಿಗಳನ್ನು ಹತ್ತಿದ್ದರು. ಕೆಳಗೆ ನಿಂತರೆ ದಟ್ಟ ಹಸಿರು ಬಿಟ್ಟು ಬೇರೇನೂ ಕಾಣದು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಕಾಡಿನ ನೆತ್ತಿ ಕಾಲಡಿಯ ಮಟ್ಟಕ್ಕೆ ಬಂದು ಬಯಲಿನ ಹಾಗೆ ಹರಡಿಕೊಳ್ಳುತ್ತದೆ, ಆಕಾಶ ತೆರೆದುಕೊಳ್ಳುತ್ತದೆ. ಈ ಅನುಭವವನ್ನು ಅವರು 1962ರ ಒಂದು ಲೇಖನದಲ್ಲಿ ಬರೆದಿಟ್ಟರು. ಆಪೆರಾ ಹೌಸ್ ಎಂದರೆ ಎಲ್ಲರ ಕಣ್ಣಿಗೂ ಬೀಳುವುದು ಬಿಳಿ ಚಿಪ್ಪುಗಳು. ಆದರೆ ಆ ಚಿಪ್ಪುಗಳನ್ನು ಹೊತ್ತು ನಿಂತಿರುವುದು ಅಗಲವಾದ ಮೆಟ್ಟಿಲುಗಳ ದೊಡ್ಡ ಜಗತಿ. ಅದನ್ನು ಹತ್ತುವವರಿಗೂ ಊರು ಹಿಂದೆ ಉಳಿದು ನೀರು, ಬಾನು ಎದುರಾಗುತ್ತವೆ.

ಕಟ್ಟಬೇಕಾದ ಜಾಗವನ್ನೇ ನೋಡದವರಿಗೆ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಖಂಡದಲ್ಲಿ ಹತ್ತಿದ ಮೆಟ್ಟಿಲು ಕೆಲಸಕ್ಕೆ ಬಂದಿತು. ಪ್ರವಾಸದ ಲಾಭ ಯಾವಾಗ, ಎಲ್ಲಿ ಕೈಗೆ ಹತ್ತುತ್ತದೆ ಎಂದು ಮುಂಚಿತವಾಗಿ ಹೇಳಲಾಗದು. ಆದರೆ ಲಾಭ ಎಂಥದು ಎಂದು ಹೇಳಬಹುದು.

ಒಂದೇ ಬಗೆಯ ಮನೆಗಳ ನಡುವೆ ಬೆಳೆದವರಿಗೆ ಆ ಮನೆಗಳಲ್ಲಿರುವುದೆಲ್ಲ ಹಾಗಿರಲೇಬೇಕಾದದ್ದಾಗಿ ಕಾಣುತ್ತದೆ. ಅದರಲ್ಲಿ ಮಳೆ, ಬಿಸಿಲು, ಭಾರ ಒತ್ತಾಯಿಸಿ ಮಾಡಿಸಿದ್ದು ಎಷ್ಟು, ಜನ ತಮಗೆ ಬೇಕೆಂದು ಮಾಡಿಕೊಂಡದ್ದು ಎಷ್ಟು ಎಂದು ಬಿಡಿಸಿ ನೋಡಲು ಒಂದೇ ಉದಾಹರಣೆ ಇದ್ದರೆ ಆಗುವುದಿಲ್ಲ. ಎರಡನೆಯದೊಂದು ಬೇಕು, ಅದೂ ಮೊದಲನೆಯದರ ನೆಂಟಸ್ತಿಕೆ ಇಲ್ಲದ್ದು.

ಹಳೇ ಮೈಸೂರು ಕಡೆಯ ತೊಟ್ಟಿ ಮನೆಯನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿನಿಯೊಬ್ಬಳು ಇಟಲಿಯ ಪೊಂಪೇಗೆ ಹೋದಳು ಎಂದಿಟ್ಟುಕೊಳ್ಳಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯಡಿ ಹೂತುಹೋಗಿದ್ದ ಊರು ಅದು. ಬೀದಿಬಾಗಿಲಿನಿಂದ ಇಕ್ಕಟ್ಟಾದ ದಾರಿ, ಅದನ್ನು ದಾಟಿದರೆ ಏಟ್ರಿಯಂ ಎಂಬ ದೊಡ್ಡ ಅಂಕಣ. ಅದರ ನಡುವೆ ಮಾಡಿಗೆ ತೆರಪು, ಒಳಮುಖವಾಗಿ ಇಳಿಯುವ ಸೂರು, ಸೂರಿನ ನೀರು ಬೀಳಲು ನೆಲದಲ್ಲಿ ತಗ್ಗಾದ ಕಲ್ಲಿನ ತೊಟ್ಟಿ. ಅವಳಿಗೆ ಅಜ್ಜಿಯ ಮನೆಗೇ ಬಂದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಅಕ್ಕಪಕ್ಕದವರ ಗೋಡೆಗೆ ಗೋಡೆ ತಾಗಿದ ದೊಡ್ಡ ಮನೆಗೆ ಬೆಳಕು ನಡುವಿನಿಂದಲೇ ಬರಬೇಕು. ಬೆಳಕು ಬಂದಲ್ಲಿ ಮಳೆಯೂ ಬರುತ್ತದೆ, ಬಂದ ನೀರಿಗೊಂದು ಜಾಗ ಬೇಕು. ಅಲ್ಲಿಯವರೆಗಿನದು ಅನಿವಾರ್ಯ.

ಆಮೇಲಿನದು ಅಲ್ಲ. ರೋಮನ್ ಯಜಮಾನ ಬೆಳಗಾದರೆ ತನ್ನ ಆಶ್ರಿತರನ್ನು ಬರಮಾಡಿಕೊಳ್ಳುತ್ತಿದ್ದದ್ದು ಇದೇ ಏಟ್ರಿಯಂನಲ್ಲಿ. ಬಾಗಿಲು ತೆರೆದಿದ್ದರೆ ಬೀದಿಯಲ್ಲಿ ಹೋಗುವವರಿಗೂ ಒಳಗಿನ ವೈಭವ ಒಂದಿಷ್ಟು ಕಾಣಬೇಕು, ಹಾಗಿತ್ತು ಅದರ ಏರ್ಪಾಟು. ನಮ್ಮ ತೊಟ್ಟಿಯ ಕತೆಯೇ ಬೇರೆ. ಹೊರಗಿನವರು ಜಗಲಿಯಲ್ಲಿ ಕೂತು ಮಾತಾಡಿ ಎದ್ದು ಹೋಗಬೇಕು. ತೊಟ್ಟಿ ಇರುವುದು ಮನೆಯ ಹೆಂಗಸರಿಗೆ, ಮಕ್ಕಳಿಗೆ, ಹಪ್ಪಳಕ್ಕೆ, ಹಂಡೆಗೆ. ಜಗಲಿಗೆ ಯಾರು ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬ ಜಾತಿಯ ಲೆಕ್ಕವೂ ಅದರೊಳಗಿತ್ತು. ಮಾಡಿನ ತೆರಪು ಒಂದೇ. ಅಲ್ಲಿ ಮನೆಯನ್ನು ಬೀದಿಗೆ ತೋರಿಸಲು ಬಳಕೆಯಾಯಿತು, ಇಲ್ಲಿ ಬೀದಿಯಿಂದ ಮರೆಮಾಡಲು. ಇದನ್ನು ಕಂಡವಳು ನಾಳೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ 'ಸಾಂಪ್ರದಾಯಿಕ ತೊಟ್ಟಿ' ಬರೆಯುವ ಮುಂಚೆ ಅದು ಯಾರಿಗಾಗಿ, ಯಾರನ್ನು ಹೊರಗಿಡಲು ಎಂದು ಕೇಳಿಯಾಳು. ತೊಟ್ಟಿ ಮನೆಯನ್ನಷ್ಟೇ ಬಲ್ಲವರಿಗೆ ಈ ಪ್ರಶ್ನೆ ಏಳುವುದು ಕಷ್ಟ. ಅವರಿಗೆ ಅದು ಸಂಸ್ಕೃತಿ, ಮುಗಿಯಿತು.

ಈ ಹೋಲಿಕೆಯನ್ನು ಪುಸ್ತಕದಲ್ಲೇ ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಈಗ ಕಾಗದದ ಮೇಲೆಯೇ ಮಾಡಿದೆ. ಆದರೆ ಪುಸ್ತಕ ಕೊಡುವುದು ಇನ್ನೊಬ್ಬರು ಬಿಡಿಸಿಟ್ಟ ಉತ್ತರ. ಏನನ್ನು ನೋಡಬೇಕೆಂದು ಬರೆದವರು, ಫೋಟೊ ತೆಗೆದವರು ಮೊದಲೇ ನಿಶ್ಚಯಿಸಿರುತ್ತಾರೆ. ಮಾಯಾ ಜಗತಿಯ ಮೆಟ್ಟಿಲುಗಳ ಅಳತೆ ನಕ್ಷೆಯಲ್ಲಿ ಸಿಗುತ್ತದೆ. ಸುತ್ತಲಿನ ಕಾಡಿನ ಎತ್ತರವನ್ನು ಅದರಲ್ಲಿ ಯಾರು ಬರೆಯುತ್ತಾರೆ? ಉಟ್ಸೋನ್‌ಗೆ ಬೇಕಾದದ್ದು ಇದ್ದದ್ದು ಆ ಬಿಟ್ಟುಹೋದ ಭಾಗದಲ್ಲಿ.

ಹಾಗೆಂದು ವಿಮಾನ ಹತ್ತಿದವರಿಗೆಲ್ಲ ಅದು ಕಾಣುತ್ತದೆ ಎಂದಲ್ಲ. ಕಾಣಬೇಕಾದರೆ ನಿಂತು ನೋಡಬೇಕು. 1911ರಲ್ಲಿ, ಮುಂದೆ ಲ ಕಾರ್ಬೂಸಿಯೆ ಎಂಬ ಹೆಸರಿನಿಂದ ಪ್ರಸಿದ್ಧ ವಾಸ್ತುಶಿಲ್ಪಿಯಾದ ಜನರೆ ಎಂಬ ತರುಣ, ಗೆಳೆಯನೊಬ್ಬನ ಜೊತೆ ಡ್ಯಾನ್ಯೂಬ್ ನದಿಗುಂಟ ಇಸ್ತಾಂಬುಲ್‌ವರೆಗೆ, ಅಲ್ಲಿಂದ ಅಥೆನ್ಸ್, ಪೊಂಪೇ, ರೋಮ್‌ವರೆಗೆ ತಿಂಗಳುಗಟ್ಟಲೆ ಅಲೆದರು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವೊಂದಕ್ಕೇ ವಾರಗಳನ್ನು ಕೊಟ್ಟರು. ಅವರ ಬಳಿ ಕ್ಯಾಮೆರಾ ಇತ್ತು, ಫೋಟೊ ತೆಗೆದದ್ದೂ ಉಂಟು. ಆದರೆ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಸೋಮಾರಿತನ ಎಂಬ ಅರ್ಥದ ಮಾತನ್ನು ಮುಂದೆ ಬರೆದರು. ಒಂದು ಬಾಗಿಲನ್ನು ಪೆನ್ಸಿಲಿನಲ್ಲಿ ಬರೆಯಬೇಕಾದರೆ ಅದು ಗೋಡೆಗೆ ಹೇಗೆ ಕೂತಿದೆ ಎಂದು ತಿಳಿಯಲೇಬೇಕು. ಮೊಬೈಲಿಗೆ ಆ ತೊಂದರೆ ಇಲ್ಲ. ಇಂದಿನ ಸ್ಟಡಿ ಟೂರ್‌ಗಳಲ್ಲಿ ವಾರಕ್ಕೆ ನಾಲ್ಕೈದು ನಗರ. ಬಸ್ಸಿಳಿದು, ಸೆಲ್ಫಿ ತೆಗೆದು, ಮತ್ತೆ ಬಸ್ಸು ಹತ್ತುವ ಹೊತ್ತಿಗೆ ಆಕಾರವೊಂದು ಬಿಟ್ಟು ಇನ್ನೇನೂ ಮನಸ್ಸಿಗೆ ಇಳಿದಿರುವುದಿಲ್ಲ.

ಕಾರಣ ಬಿಟ್ಟು ಆಕಾರವನ್ನಷ್ಟೇ ತಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಹೊರವರ್ತುಲ ರಸ್ತೆಗೆ ಹೋಗಿ ನೋಡಿ. ಉದ್ದನೆಯ ಚಳಿಗಾಲ, ಮಂಕು ಬಿಸಿಲಿನ ಉತ್ತರದ ದೇಶಗಳಲ್ಲಿ ಬೆಳಕನ್ನು ಹಿಡಿದಿಡುವ ಗಾಜಿನ ಗೋಡೆ ಇಲ್ಲಿ ಪಡುವಣ ಬಿಸಿಲಿಗೆ ಮುಖವೊಡ್ಡಿ ನಿಂತಿದೆ. ಅದು ಒಳಗೆ ಬಿಟ್ಟುಕೊಂಡ ಕಾವನ್ನು ಹೊರದೂಡಲು ಏಸಿ ದಿನವಿಡೀ ದುಡಿಯುತ್ತದೆ. ಇದೇ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಕೂಡ ಇದೆ. ಅದನ್ನು ವಿನ್ಯಾಸ ಮಾಡಿದ ಬಿ. ವಿ. ದೋಶಿ 1950ರ ದಶಕದ ಮೊದಲಲ್ಲಿ ಪ್ಯಾರಿಸಿನಲ್ಲಿ ಕಾರ್ಬೂಸಿಯೆ ಬಳಿಯೇ ದುಡಿದವರು. ಆದರೆ ಕಟ್ಟಡದಲ್ಲಿ ಕಾಣುವುದು ಗ್ರಾನೈಟ್ ಗೋಡೆ, ಬಳ್ಳಿ ಹಬ್ಬಿದ ತೆರೆದ ಪಡಸಾಲೆ, ಅಲ್ಲಲ್ಲಿ ಇಳಿದು ಬರುವ ಬಿಸಿಲು. ಫತೇಪುರ್ ಸಿಕ್ರಿಯ ಪ್ರೇರಣೆಯನ್ನು ಅವರೇ ಹೇಳಿಕೊಂಡಿದ್ದಾರೆ.

ಇನ್ನು ದುಡ್ಡಿನ ಮಾತು. ಎರಡನೆಯ ಉದಾಹರಣೆ ನೆಂಟಸ್ತಿಕೆ ಇಲ್ಲದ್ದಾಗಿರಬೇಕು ಎಂದೆ. ಅದಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು ಎಂದೇನೂ ಇಲ್ಲ. ಕಡಿದಾದ ಹಂಚಿನ ಮಾಡೇ ಮನೆ ಎಂದು ತಿಳಿದ ಮಂಗಳೂರಿನ ಹುಡುಗನಿಗೆ ವಿಜಯಪುರ ಸೀಮೆಯ ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೆಳಕಿಂಡಿ ಪರದೇಶವೇ. ದೂರ ಹೋದಷ್ಟೂ ವ್ಯತ್ಯಾಸ ಹೆಚ್ಚು, ಆದ್ದರಿಂದ ಪ್ರಶ್ನೆಗಳೂ ಹೆಚ್ಚು, ಇದು ನಿಜ. ಹೋಗಲು ಆಗುವವರು ಖಂಡಿತ ಹೋಗಲಿ, ಹತ್ತು ಕಟ್ಟಡದ ಬದಲು ಒಂದರ ಮುಂದೆ ಎರಡು ದಿನ ಕೂರಲಿ. ಆದರೆ ಲಾಭ ಎಂಟು ವರ್ಷದ ನಂತರ, ಯಾವುದೋ ಬೇರೆ ಕೆಲಸದಲ್ಲಿ ಬರುವಂಥ ಪ್ರವಾಸಕ್ಕೆ ಸೆಮಿಸ್ಟರ್ ಕೊನೆಗೆ ವರದಿ ಬರೆಸಿ ಅಂಕ ಹಾಕುವುದು ಅರ್ಥವಿಲ್ಲದ್ದು. ಅಪ್ಪನ ಜೇಬು ನೋಡಿ ಹಾಕುವ ಆ ಅಂಕ ಅನ್ಯಾಯವೂ ಹೌದು. ವಿದೇಶ ಪ್ರವಾಸವನ್ನು ಪಠ್ಯದೊಳಗೆ ತರುವ ಕಾಲೇಜು ಅದರ ಖರ್ಚನ್ನೂ ಹೊರಬೇಕು. ಹೊರಲಾಗದಿದ್ದರೆ ಇಡೀ ತರಗತಿಯನ್ನು ವಿಜಯಪುರಕ್ಕೆ ಕರೆದೊಯ್ಯಲಿ.