ಹಾಡು ಒಳಗೆ, ಹಾಡಿದವಳು ಹೊರಗೆ

ಓದತಕ್ಕ ಭಾಗ: ಯಾಕೋಬನ ಪತ್ರಿಕೆ 2:1-9



ಉಂಗುರ ಧರಿಸಿದ ಐಶ್ವರ್ಯವಂತನಿಗೆ ಒಳ್ಳೆಯ ಪೀಠವನ್ನೂ ಬಡವನಿಗೆ ಕಾಲಬುಡವನ್ನೂ ತೋರಿಸುವ ಸಭೆಯನ್ನು ಯಾಕೋಬನು ಈ ಭಾಗದಲ್ಲಿ ಗದರಿಸುತ್ತಾನೆ. ನಾವು ಅಂಥವರಲ್ಲವೆಂದು ನೀವು ಅನ್ನಬಹುದು. ಹಾಗಾದರೆ ಹಾಡುವವರ ವಿಷಯದಲ್ಲಿ ನಮ್ಮ ನಡತೆ ಹೇಗಿರುವದೆಂದು ಆಲೋಚಿಸೋಣ.

ನಮ್ಮ ಬೋರಗಾಂವದಲ್ಲಿ ಈಗ ಹಾಡು ಕೇಳಿಸದ ಮನೆಯುಂಟೋ? ಟ್ರ್ಯಾಕ್ಟರಿನಲ್ಲಿಯೂ ಕಬ್ಬಿನ ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಮೊಬೈಲಿನಿಂದ ಜನಪದ ಹಾಡು, ಸಿನೆಮಾ ಹಾಡು, ಕನ್ನಡ ಮರಾಠಿಯೆಂಬ ಭೇದವಿಲ್ಲದೆ ಕೇಳಿಬರುತ್ತವೆ. ಹಾಡಿದವರ ಕುಲವನ್ನು ನಾವು ವಿಚಾರಿಸುವದಿಲ್ಲ. ಧ್ವನಿಗೆ ನಮ್ಮ ಬಾಗಿಲು ತೆರೆದೇ ಇರುವದು. ಆದರೆ ಹಾಡಿದವಳೇ ಬಾಗಿಲಿಗೆ ಬಂದರೆ?

ನಮಗೆ ಸಮೀಪವಾದ ಮಿರಜದಲ್ಲಿ ಅಬ್ದುಲ್ ಕರೀಂ ಖಾನರೆಂಬ ಶ್ರೇಷ್ಠ ಗಾಯಕರು ನೆಲಸಿದ್ದು 1937ರಲ್ಲಿ ತೀರಿಕೊಂಡರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಇವರ ಶಿಷ್ಯೆ ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿಯವರೂ ಹಾಡುವವರು. ಆ ಕಾಲದಲ್ಲಿ ಹಾಡುವ ಸ್ತ್ರೀಯೆಂದರೆ ಜನರಿಗೆ ತಾತ್ಸಾರ. ಬಾಲ್ಯದಲ್ಲಿ ಅವರು ನೆರೆಯವರ ತೋಟದಲ್ಲಿ ಮಾವಿನಕಾಯಿ ಕಿತ್ತಾಗ ಬೈಗಳು ಬಂದವು. ಕಾಯಿ ಹೋಯಿತೆಂಬ ದುಃಖದಿಂದಲ್ಲ. ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳೆಂಬ ಸಿಟ್ಟಿನಿಂದ. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲು ಹೋದ ಆ ಹುಡುಗಿಗೆ ಗಾಂಧಿಯವರ ಮುಂದೆ ಹಾಡುವ ಅಂಜಿಕೆಗಿಂತ, ಊಟವಾದ ಮೇಲೆ ಎಂಜಲು ಎತ್ತಲು ಹೇಳುವರೋ ಎಂಬ ಅಂಜಿಕೆ ಹೆಚ್ಚಾಗಿತ್ತು.

ಮುಂದೆ ಗ್ರಾಮಫೋನ್ ಕಂಪನಿಯವರು ಅವರ ಹಾಡನ್ನು ಗಾಂಧಾರಿ ಎಂಬ ಹೆಸರಿನಿಂದ ಮುದ್ರಿಸಿದರು. ಆ ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷದ ಹಾಡು. ಅವರನ್ನು ಹೊರಗೆ ನಿಲ್ಲಿಸುವಂಥ ಮನೆಗಳಿಗೂ ಅವರ ಧ್ವನಿಯು ಪ್ರವೇಶಿಸಬಲ್ಲದಾಯಿತು. ಕೀರ್ತಿ ಹೆಚ್ಚಿದ ಮೇಲೆ, ಹಿಂದೆ ಬೈದವರೇ ಮನೆಗೆ ಕರೆದರೆಂದು ಅವರೇ ಆಶ್ಚರ್ಯದಿಂದ ಹೇಳಿದ್ದುಂಟು. 2002ರಲ್ಲಿ ಪದ್ಮವಿಭೂಷಣ ಪದವಿಯು ಅವರಿಗೆ ದೊರಕಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಪ್ರಿಯರೇ, ಇಲ್ಲಿ ಬದಲಾದದ್ದೇನು? ಅವರ ಜನ್ಮವು ಬದಲಾಗಲಿಲ್ಲ, ಹೆಸರು ಬಂತು. ನೆರೆಯವರು ಮಣೆ ಹಾಕಿದ್ದು ಆ ಹೆಸರಿಗೆ. ಇದೇ ಯಾಕೋಬನು ಖಂಡಿಸುವ ಮುಖದಾಕ್ಷಿಣ್ಯವು. ಹೆಸರು ಬಾರದೆಯೇ ತೀರಿಹೋದ ಹಾಡುಗಾರ್ತಿಯರಿಗೆ ಮಣೆ ಹಾಕಿದವರಾರು?

ಎಲ್ಲಾ ಹಾಡುಗಳೂ ಒಳ್ಳೆಯವೋ ಎಂದು ಕೆಲವರು ಕೇಳಾರು. ಅಲ್ಲ. ಹೊಲಸು ಮಾತಿನ ಹಾಡನ್ನು ನಿಲ್ಲಿಸಿರಿ. ಮಕ್ಕಳ ಕಿವಿಗೆ ಬೀಳಗೊಡಿಸಬೇಡಿರಿ. ಆದರೆ ಹಾಡಿನ ಗುಣವನ್ನು ಮಾತಿನಿಂದ ಅಳೆಯಿರಿ, ಹಾಡಿದವಳ ಹುಟ್ಟಿನಿಂದ ಅಳೆಯಬೇಡಿರಿ.

ಇನ್ನೊಂದು ಮಾತು ನಮ್ಮ ಸಭೆಗೇ ಹತ್ತಿರವಾದದ್ದು. ನಮ್ಮ ಹಿರಿಯರಲ್ಲಿ ಅನೇಕರು ಊರ ಹೊರಗಿನ ಕೇರಿಯಿಂದ ಬಂದವರು. ತೋಟದ ಬೇಲಿಯ ಆಚೆ ನಿಲ್ಲುವದು ಏನೆಂದು ಬಲ್ಲವರು. ಅವರ ಮಕ್ಕಳಾದ ನಾವು ಒಂದೇ ಕೀರ್ತನೆಯನ್ನು ಒಂದೇ ಸ್ವರದಿಂದ ಹಾಡಿ, ಮದುವೆಯ ಊಟದಲ್ಲಿ ಹಲಗೆ ಬಾರಿಸಿದವನಿಗೂ ಹಾಡಿದವಳಿಗೂ ಬೇರೆ ಪಂಕ್ತಿ ಮಾಡಿದರೆ, ನಮ್ಮ ಕೀರ್ತನೆಯನ್ನು ದೇವರು ಕೇಳುವನೋ?

ಆದುದರಿಂದ ಮುಂದಿನ ಮದುವೆಯಲ್ಲಿ ಹಾಡಲು ಬಂದವರಿಗೆ ಒಪ್ಪಿದ ಕೂಲಿಯನ್ನು ಸಾಯಂಕಾಲಕ್ಕೆ ಮುಂಚೆ ಕೊಡಿರಿ. ನಿಮ್ಮ ಪಂಕ್ತಿಯಲ್ಲಿಯೇ ಎಲೆ ಹಾಕಿರಿ. ಹಾಡನ್ನು ಒಳಗೆ ಕರೆದ ಬಾಗಿಲಿನಿಂದಲೇ ಹಾಡಿದವಳನ್ನೂ ಕರೆಯಿರಿ. ಇದಕ್ಕೆ ಬೇಕಾದ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.