ಹಳೇ ರೂಟರಿನ ಹಗ್ಗ

ನಮ್ಮ ಮನೆ ಬೆಡ್‌ರೂಮಿನಲ್ಲಿ ವೈಫೈ ಬರೋದಿಲ್ಲ. ಪೂರ್ತಿ ಬರೋದೇ ಇಲ್ಲ ಅಂತಲ್ಲ, ಒಂದು ಕಡ್ಡಿ ತೋರಿಸುತ್ತೆ. ಮೀಟಿಂಗ್ ಶುರುವಾಗಿ ನನ್ನ ಸರದಿ ಬಂದಾಗ ಸರಿಯಾಗಿ ಅದೂ ಹೋಗುತ್ತೆ. ನಾನು ಹಾಲ್‌ನಲ್ಲಿ, ಹೆಂಡತಿ ಬೆಡ್‌ರೂಮಲ್ಲಿ ಕೂತು ಕೆಲಸ ಮಾಡುವ ದಿನಗಳಲ್ಲಿ, ಹಾಲ್ ಯಾರಿಗೆ ಅನ್ನೋದು ನಮ್ಮ ಸಂಸಾರದ ಮುಖ್ಯ ತಕರಾರು. ಇಂಟರ್ನೆಟ್ ಕೊಟ್ಟವರು ಜೊತೆಗೆ ಕೊಟ್ಟ ಪುಕ್ಕಟೆ ಡಬ್ಬಿಯಿಂದ ಇನ್ನೇನು ನಿರೀಕ್ಷಿಸೋಕಾಗುತ್ತೆ? ಹೊಸ ರೂಟರ್ ಬೇಕಾಗಿತ್ತು.

ಆದರೆ ಹೊಸದು ಕೊಳ್ಳೋಕೆ ಮನಸ್ಸಾಗಲಿಲ್ಲ. ಇದು ಜಿಪುಣತನ ಅಂತ ಹೆಂಡತಿ ಹೇಳ್ತಾಳೆ. ನಾನು ಇದಕ್ಕೆ ಗೌರಿಬಿದನೂರು ಕಡೆಯ ಸಂಸ್ಕಾರ ಅಂತ ಹೆಸರಿಟ್ಟುಕೊಂಡಿದ್ದೀನಿ. ನಮ್ಮದು ನೂರು ಎಂಬಿಪಿಎಸ್ ಪ್ಲಾನು. ಅದಕ್ಕೆ ವೈಫೈ ಆರು, ಏಳು ಅಂತ ಹೊಸ ನಮೂನೆಗಳೇನೂ ಬೇಕಿಲ್ಲ, ಎರಡೂ ಬ್ಯಾಂಡ್ ಇರುವ ಹಳೇ ವೈಫೈ ಐದೇ ಧಾರಾಳ. ಗೋಡೆ ದಾಟೋಕೆ 2.4 ಗಿಗಾಹರ್ಟ್ಸ್, ಹತ್ತಿರದಲ್ಲಿ ವೇಗಕ್ಕೆ 5 ಗಿಗಾಹರ್ಟ್ಸ್. ಒಂದು ಶನಿವಾರ ಎಸ್.ಪಿ. ರೋಡಿಗೆ ಹೋದೆ.

ನಮ್ಮಪ್ಪ ನನ್ನನ್ನು ಚಿಕ್ಕವನಿದ್ದಾಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರಕೊಂಡು ಹೋಗ್ತಿದ್ರು. ಹಳ್ಳಿಕಾರ್ ಜೋಡಿಗಳ ಮುಂದೆ ನಿಂತು ಮೊದಲು ಬಾಯಿ ಬಿಡಿಸಿ ಹಲ್ಲು ನೋಡೋರು. ಎರಡು ಹಲ್ಲಾ, ನಾಲ್ಕು ಹಲ್ಲಾ, ಬಾಯಿಗೂಡಿದೆಯಾ ಅಂತ. ಆಮೇಲೆ ಸುಳಿ, ಆಮೇಲೆ ನಡಿಗೆ. ಕಡೆಗೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ. ಎಸ್.ಪಿ. ರೋಡಿನ ಗಲ್ಲಿಯ ಅಂಗಡಿಯಲ್ಲಿ ನಾನೂ ಅದನ್ನೇ ಮಾಡಿದೆ. ರೂಟರನ್ನ ತಿರುಗಿಸಿ ತಳದ ಸ್ಟಿಕ್ಕರಲ್ಲಿ ಹಾರ್ಡ್‌ವೇರ್ ವರ್ಶನ್ ನೋಡಿದೆ, ಫೋನಲ್ಲಿ ಆ ಮಾಡೆಲ್ಲಿಗೆ ಕಂಪನಿ ಈಗಲೂ ಅಪ್‌ಡೇಟ್ ಬಿಡ್ತಿದೆಯಾ ಅಂತ ನೋಡಿದೆ. ಹಳೇ ರೂಟರಿಗೆ ಹಲ್ಲು ಅಂದ್ರೆ ಇದೇ. 2016ರ ಅಕ್ಟೋಬರ್ 21ರಂದು ಮಿರಾಯ್ ಅನ್ನೋ ಮಾಲ್‌ವೇರ್, ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟಿದ್ದ ಮನೆಮನೆಯ ಕ್ಯಾಮೆರಾ, ರೂಟರ್‌ಗಳನ್ನೆಲ್ಲ ಒಟ್ಟುಗೂಡಿಸಿ ಡೈನ್ ಅನ್ನೋ ಕಂಪನಿಯ ಮೇಲೆ ನುಗ್ಗಿಸಿತ್ತು. ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಎಟುಕಲಿಲ್ಲ. ಬೇಲಿ ಇಲ್ಲದ ಹೊಲದಿಂದ ನಷ್ಟ ಆ ಹೊಲದವನಿಗೆ ಮಾತ್ರ ಅಲ್ಲವಲ್ಲ, ಪಕ್ಕದ ಹೊಲದ ಪೈರೂ ಹೋಗುತ್ತೆ.

"ಫುಲ್ ರಿಫರ್ಬಿಶ್ ಸಾರ್, ಟೆಸ್ಟೆಡ್" ಅಂದ ಹುಡುಗ. ಸಾವಿರದ ನಾನೂರಕ್ಕೆ ಮುಗೀತು. ರಿಫರ್ಬಿಶ್ ಅನ್ನೋ ಪದ ಎಷ್ಟು ಗಂಭೀರವಾಗಿದೆ ನೋಡಿ. ಬಿಚ್ಚಿ, ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಹೊಸದರಂತೆ ಮಾಡಿದ್ದಾರೆ ಅನ್ನಿಸುತ್ತೆ. ಹಾಗೆ ಮಾಡೋರೂ ಇದ್ದಾರೆ. ನನ್ನ ರೂಟರಿನ ಮಟ್ಟಿಗೆ ಅದರ ಅರ್ಥ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ ಅಂತ. ಮನೆಗೆ ಬಂದು ಪ್ಲಗ್ ಹಾಕಿದರೆ ಫೋನಲ್ಲಿ ಒಂದು ಹೊಸ ವೈಫೈ ಹೆಸರು ಕಾಣಿಸ್ತು. 'ಅಜ್ಜಿಮನೆ'.

ಆಗ ಮಾಡಬೇಕಾಗಿದ್ದ ಕೆಲಸ ಹತ್ತು ಸೆಕೆಂಡಿಂದು. ಹಿಂಭಾಗದ ಸಣ್ಣ ತೂತಿಗೆ ಪಿನ್ನು ಚುಚ್ಚಿ ಒತ್ತಿ ಹಿಡಿದರೆ ಎಲ್ಲ ಅಳಿಸಿಹೋಗುತ್ತೆ. ನನಗೆ ಇದು ಗೊತ್ತಿಲ್ಲ ಅಂತ ಹೇಳೋ ಹಾಗಿಲ್ಲ, ಹನ್ನೆರಡು ವರ್ಷದಿಂದ ಇದೇ ನನ್ನ ಅನ್ನ. ಪಿನ್ನು ಕೈಯಲ್ಲೇ ಇತ್ತು. ಸ್ಟಿಕ್ಕರ್ ಮೇಲಿದ್ದ ಪಾಸ್‌ವರ್ಡೇ ಇನ್ನೂ ನಡೆಯುತ್ತಾ ನೋಡೋಣ ಅಂತ ಹಾಕಿದೆ. ನಡೀತು. ಸೆಟ್ಟಿಂಗ್ಸ್ ಪುಟ ತೆರೆದುಕೊಳ್ತು.

ಅಲ್ಲಿ ಇದ್ದದ್ದು ಬರೀ ಟೇಬಲ್‌ಗಳು. ಯಾವ ಸಾಧನಕ್ಕೆ ಯಾವ ವಿಳಾಸ ಅಂತ ಒಂದು ಪಟ್ಟಿ, ಅದಕ್ಕೆಲ್ಲ ಯಾರೋ ಪ್ರೀತಿಯಿಂದ ಹೆಸರಿಟ್ಟಿದ್ದರು. ಅಪ್ಪ ಫೋನ್, ಅಪ್ಪ ಆಫೀಸ್ ಲ್ಯಾಪ್‌ಟಾಪ್, ಪುಟ್ಟಿ ಟ್ಯಾಬ್, ಟಿವಿ ಹಾಲ್, ಅಜ್ಜಿ ರೂಮ್ ಕ್ಯಾಮ್. ಪುಟ್ಟಿಯ ಟ್ಯಾಬಿಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಇಂಟರ್ನೆಟ್ ಬಂದ್, ಶನಿವಾರ ಮಾತ್ರ ಹತ್ತೂವರೆವರೆಗೆ ರಿಯಾಯಿತಿ. ಆ ಹತ್ತೂವರೆ ಮೇಲೆ ನನಗೆ ನಗು ಬಂತು. ಹತ್ತಕ್ಕೂ ಅಲ್ಲ, ಹನ್ನೊಂದಕ್ಕೂ ಅಲ್ಲ, ಎಷ್ಟು ಚೌಕಾಸಿ ನಡೆದಿರಬೇಕು ಆ ಮನೆಯಲ್ಲಿ! ಮೂರೇ ಪುಟ ನೋಡಿದ್ದಕ್ಕೆ ಒಂದು ಸಂಸಾರ ನನ್ನ ಮುಂದೆ ಬಂದು ಕೂತಿತ್ತು. ಅವರು ಏನು ಮಾತಾಡಿದರು ಅಂತ ರೂಟರಿಗೆ ಗೊತ್ತಿಲ್ಲ. ಯಾವಾಗ ಮಲಗ್ತಾರೆ, ಯಾರನ್ನ ಯಾರು ಕಾಯ್ತಾರೆ ಅನ್ನೋದು ಗೊತ್ತು.

ಇದರಲ್ಲಿ ನಾನು ಮಾಡಿದ ತಪ್ಪೇನು? ಕದ್ದಿಲ್ಲ, ದುಡ್ಡು ಕೊಟ್ಟು ತಂದಿದ್ದು. ಬೀಗ ಒಡೆದಿಲ್ಲ, ಬೀಗವೇ ಇರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಆಫೀಸಿನ ಟ್ರೈನಿಂಗಲ್ಲಿ ನಮಗೆಲ್ಲ ಓದಿಸಿದ್ದಾರೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಡುವುದಕ್ಕೆ ಆ ಕಾಯ್ದೆ ಅನ್ವಯಿಸೋದಿಲ್ಲ. ಮನೆಯ ಸೋಫಾದ ಮೇಲೆ ಬನಿಯನ್ನಲ್ಲಿ ಕೂತ ನನ್ನಂಥವನು ಅದರ ಲೆಕ್ಕಕ್ಕೇ ಬರೋದಿಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ.

ಇನ್ನೊಂದು ಸಮಾಧಾನವೂ ಇತ್ತು. ನಾನು ಬೆಳೆದಿದ್ದು ಹಳ್ಳಿಯಲ್ಲಿ. ಅಲ್ಲಿ ಯಾರ ಮನೆ ಸುದ್ದಿ ಯಾರಿಗೆ ಗೊತ್ತಿಲ್ಲ? ಯಾರ ಮನೆಯಲ್ಲಿ ರಾತ್ರಿ ಜಗಳ ಆಯ್ತು, ಯಾರ ಮಗ ಫೇಲಾದ, ಯಾರ ಒಲೆ ಇನ್ನೂ ಹತ್ತಿಲ್ಲ, ಎಲ್ಲ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗೋ ಹೊತ್ತಿಗೆ ಊರಿಗೆಲ್ಲ ಗೊತ್ತಿರುತ್ತೆ. ಪ್ರೈವೆಸಿ ಅನ್ನೋ ಪದ ನಾನು ಕಲಿತಿದ್ದೇ ಬಿಇ ಸೇರಿದ ಮೇಲೆ, ಅದೂ ಹಾಸ್ಟೆಲ್ಲಿನಲ್ಲಿ ಅದು ಇಲ್ಲದೇ ಇದ್ದಾಗ. ಹಾಗಿರುವಾಗ ಒಂದು ಮಗುವಿನ ಮಲಗೋ ಹೊತ್ತು ತಿಳಿದರೆ ಆಕಾಶ ಬೀಳುತ್ತಾ?

ಆದರೆ ಈ ವಾದ ನನಗೇ ಸರಿಯಾಗಿ ಕೂರಲಿಲ್ಲ. ರಾತ್ರಿ ಅದನ್ನೇ ಮಗುಚಿ ಹಾಕ್ತಾ ಮಲಗಿದ್ದಾಗ ಎಲ್ಲಿ ಚುಚ್ಚುತ್ತಿದೆ ಅಂತ ಹೊಳೀತು. ಊರಲ್ಲಿ ನಿಮ್ಮ ಮನೆ ವಿಷಯ ನನಗೆ ಗೊತ್ತು, ನನ್ನ ಮನೆದು ನಿಮಗೆ ಗೊತ್ತು. ನಿಮ್ಮದು ನನಗೆ ಗೊತ್ತು ಅನ್ನೋದೂ ನಿಮಗೆ ಗೊತ್ತು. ನಾಳೆ ಅದೇ ಡೈರಿ ಮುಂದೆ ಮುಖ ನೋಡಬೇಕು, ಆದ್ದರಿಂದ ಗೊತ್ತಿದ್ದನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋ ಒಂದು ಅಳತೆ ಇರುತ್ತೆ. ಎಲ್ಲರೂ ಪಾಲಿಸ್ತಾರೆ ಅಂತಲ್ಲ, ಪಾಲಿಸದವರನ್ನ ಊರು ನೋಡಿಕೊಳ್ಳುತ್ತೆ. ಇಲ್ಲಿ ಹಾಗಲ್ಲ. ನಾನು ಪುಟ್ಟಿಯ ಅಪ್ಪನ ಪಕ್ಕದಲ್ಲೇ ಮೆಟ್ರೋದಲ್ಲಿ ನಿಂತಿರಬಹುದು, ಅವನಿಗೆ ನಾನು ಯಾರೋ. ಕಿಟಕಿ ಇರೋದು ಒಂದೇ ಕಡೆಗೆ. ಊರಿನ ತೆಳು ಗೋಡೆಗೂ ಇದಕ್ಕೂ ಸಂಬಂಧವೇ ಇಲ್ಲ, ನನ್ನ ಅನುಕೂಲಕ್ಕೆ ಊರನ್ನ ಎಳೆದು ತಂದಿದ್ದೆ ಅಷ್ಟೆ.

ಬೆಳಿಗ್ಗೆ ಇನ್ನೊಂದು ಕಂಡಿತು, ಅದು ಕುತೂಹಲದ ಮಾತಾಗಿರಲಿಲ್ಲ. ಹಿಂದಿನ ದಿನ ನಾನು, ಸೋಮಾರಿ, ಅವರ ಇಂಟರ್ನೆಟ್ ಲಾಗಿನ್ ಅಳಿಸಿ ಅಲ್ಲಿ ನಮ್ಮದನ್ನ ಹಾಕಿ ಕೆಲಸ ಶುರು ಮಾಡಿದ್ದೆ. ಮಿಕ್ಕಿದ್ದೆಲ್ಲ ಹಾಗೇ ಇತ್ತು. ಅವರು ಡೈನಾಮಿಕ್ ಡಿಎನ್‌ಎಸ್ ಹಾಕಿಕೊಂಡಿದ್ದರು. ಅಂದರೆ ಮನೆಯ ಇಂಟರ್ನೆಟ್ ವಿಳಾಸ ಬದಲಾಗ್ತಾ ಇದ್ದರೂ ಒಂದು ಖಾಯಂ ಹೆಸರು, ಆ ಹೆಸರು ಹಿಡಿದು ಹೊರಗಿನಿಂದ ಯಾರು ಬಂದರೂ ರೂಟರ್ ಅವರನ್ನ ಸೀದಾ ಅಜ್ಜಿ ರೂಮಿನ ಕ್ಯಾಮೆರಾಕ್ಕೆ ಕಳಿಸುತ್ತೆ. ದೂರದಲ್ಲಿರುವ ಮಗನೋ ಮಗಳೋ ನೋಡಿಕೊಳ್ಳೋಕೆ ಮಾಡಿಸಿದ ಏರ್ಪಾಡು ಇರಬೇಕು. ನಾನು ನಮ್ಮ ಲಾಗಿನ್ ಹಾಕಿದ ತಕ್ಷಣ ರೂಟರ್ ತನ್ನ ಹಳೇ ನಿಯತ್ತಿನಂತೆ ಆ ಹೆಸರಿನ ಮುಂದೆ ನಮ್ಮ ಮನೆ ವಿಳಾಸ ಬರೆಸಿತ್ತು. ಅಪ್‌ಡೇಟ್ ಯಶಸ್ವಿ ಅಂತ ಹಸಿರು ಅಕ್ಷರದಲ್ಲಿ ತೋರಿಸ್ತಿತ್ತು. ಎಲ್ಲೋ ಒಬ್ಬರು ಅಮ್ಮನ್ನ ನೋಡೋಣ ಅಂತ ಅದನ್ನ ಒತ್ತಿದರೆ ಬಂದು ನಿಲ್ಲೋದು ನಮ್ಮ ಬಾಗಿಲಿಗೆ.

ಮಾರಿದ ಎತ್ತು ಹಗ್ಗ ಕಿತ್ತುಕೊಂಡು ಹಳೇ ಮನೆಗೆ ಹೋಗಿ ನಿಲ್ಲೋದು ಕೇಳಿದ್ದೆ. ಇದು ತಿರುಗಾಮುರುಗಾ.

ಹಗ್ಗದ ವಿಷಯ ಬಂತಲ್ಲ, ಅಪ್ಪನಿಗೆ ಫೋನ್ ಮಾಡಿದಾಗ ಕೇಳಿದೆ. ನಮ್ಮ ಕಡೆ ಎತ್ತು ಮಾರಿದೋನು ಹಗ್ಗ ಬಿಚ್ಚಿಕೊಂಡು ಎತ್ತು ಕೊಡ್ತಾನೆ. ಕೊಂಡೋನು ತನ್ನ ಹಗ್ಗ ತಂದು ಹಾಕಬೇಕು. ಹಗ್ಗದ ಜೊತೆ ಮನೆಯ ಲಕ್ಷ್ಮಿ ಹೋಗ್ತಾಳೆ ಅಂತ ನಂಬಿಕೆ. "ಮಾರಿದೋನು ಬಿಚ್ಚಿಕೊಳ್ಳೋದು ಮರೆತ್ರೆ?" ಅಂದೆ. ಅಪ್ಪ ಒಂದು ಸಲ ಹಾಗೇ ಆಗಿತ್ತು ಅಂದರು. ಗಡಿಬಿಡಿಯಲ್ಲಿ ಎತ್ತಿನ ಕೊರಳ ಗಂಟೆ ಉಳಿದುಬಿಟ್ಟಿತ್ತಂತೆ. "ಮುಂದಿನ ವಾರ ಅವರ ಊರಿಗೆ ಹೋಗಿ ಕೊಟ್ಟು ಬಂದೆ. ಎರಡು ಬಸ್ಸು. ಇನ್ನೇನ್ ಮಾಡೋದು, ಅದು ನಂದಲ್ವಲ್ಲ." ಅವರಿಗೆ ಇದೊಂದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ. ಮಳೆ ಬಂತಾ ಆ ಕಡೆ ಅಂತ ಕೇಳಿ ಮಾತು ಬದಲಾಯಿಸಿದರು.

ಪಿನ್ನು ಚುಚ್ಚಿ ರೀಸೆಟ್ ಮಾಡಿದೆ. ಆದರೆ ಅಷ್ಟಕ್ಕೇ ಮುಗಿಯೋದಿಲ್ಲ. ಆ ಹೆಸರಿನ ಮುಂದೆ ಬರೆಸಿದ ವಿಳಾಸ ಅವರಾಗಿ ಬದಲಾಯಿಸುವ ತನಕ ನಮ್ಮದೇ. ಅದಕ್ಕಿಂತ ಹೆಚ್ಚಾಗಿ, ಹೊಸ ರೂಟರ್ ತಂದಾಗ ನಾವೆಲ್ಲ ಏನು ಮಾಡ್ತೀವಿ? ಟಿವಿ, ಫೋನುಗಳಿಗೆ ಮತ್ತೆ ಹೊಡೆಯೋ ತಾಪತ್ರಯ ಬೇಡ ಅಂತ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಹಾಕ್ತೀವಿ. ಅಂದರೆ ಅವರ ಈಗಿನ ಮನೆಯ ಕೀಲಿಕೈ ಹಳೇ ರೂಟರ್ ಕೊಂಡ ಯಾರ ಕೈಗೂ ಸಿಗಬಹುದಿತ್ತು. ನನ್ನ ಕೈಗೆ ಸಿಕ್ಕಿತ್ತು. ಹೇಳಬೇಕಾ ಬೇಡವಾ?

ಅವರ ಲಾಗಿನ್ ಐಡಿ ಹತ್ತಂಕಿಯ ಮೊಬೈಲ್ ನಂಬರ್. ಅಳಿಸೋ ಮುಂಚೆ ಬರೆದಿಟ್ಟುಕೊಂಡಿದ್ದೆ. ಅದೂ ಸರಿಯಾ ಅಂತ ಈಗಲೂ ಗೊತ್ತಿಲ್ಲ, ಅವರಿಗೆ ಅವರ ಗಂಟೆ ವಾಪಸ್ ಕೊಡೋಕೆ ಅವರದೇ ಇನ್ನೊಂದು ವಸ್ತು ಎತ್ತಿಕೊಂಡ ಹಾಗಾಯ್ತು. ಹೆಂಡತಿ ಅಂದಳು, "ಫೋನ್ ಮಾಡಿ ಏನಂತ ಹೇಳ್ತೀಯ? ನಿಮ್ಮ ವೈಫೈ ಪಾಸ್‌ವರ್ಡ್ ನನ್ನ ಹತ್ರ ಇದೆ ಅಂತನಾ? ಡಿಜಿಟಲ್ ಅರೆಸ್ಟ್ ಮಾಡೋನು ಅಂದುಕೊಂಡು ಪೊಲೀಸಿಗೆ ಕೊಡ್ತಾರೆ." ಅವಳ ಮಾತು ಸುಳ್ಳಲ್ಲ. ಒಳ್ಳೇದು ಹೇಳೋನಿಗೂ ಮೋಸ ಮಾಡೋನಿಗೂ ಈಗ ಒಂದೇ ದನಿ.

ವಾಟ್ಸ್ಆಪಲ್ಲಿ ಬರೆದೆ. ಮೊದಲ ಸಲ ಬರೆದದ್ದು ಕಂಪನಿ ಇಮೇಲ್ ಥರ ಇತ್ತು, ಅಳಿಸಿದೆ. ಕಡೆಗೆ ಕಳಿಸಿದ್ದು ಇಷ್ಟು: ನಾನು ಎಸ್.ಪಿ. ರೋಡಲ್ಲಿ ಹಳೇ ರೂಟರ್ ಕೊಂಡೆ, ಅದರಲ್ಲಿ ನಿಮ್ಮ ಸೆಟ್ಟಿಂಗ್ಸ್ ಹಾಗೇ ಇತ್ತು, ನೋಡಿದೆ, ಈಗ ಅಳಿಸಿದ್ದೀನಿ. ವೈಫೈ ಪಾಸ್‌ವರ್ಡ್ ಮತ್ತು ಕ್ಯಾಮೆರಾ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ. ಯಾವ ಲಿಂಕೂ ಒತ್ತಬೇಡಿ, ನನಗೆ ಏನೂ ಕಳಿಸಬೇಡಿ.

'ನೋಡಿದೆ' ಅನ್ನೋ ಒಂದು ಪದವನ್ನ ಎರಡು ಸಲ ತೆಗೆದು ಎರಡು ಸಲ ಹಾಕಿದೆ. ಅದಿಲ್ಲದೆಯೂ ಎಚ್ಚರಿಕೆ ಪೂರ್ತಿಯಾಗಿರುತ್ತಿತ್ತು, ನಾನು ಒಳ್ಳೇ ಮನುಷ್ಯನಾಗಿಯೂ ಕಾಣ್ತಿದ್ದೆ. ಆದರೆ ಅದೊಂದು ಪದ ಇಲ್ಲದಿದ್ದರೆ ಕಿಟಕಿ ಮತ್ತೆ ಒಂದೇ ಕಡೆಗೆ.

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಂದೇ ಸಾಲು ಬಂತು. "ಏನೇನು ನೋಡಿದ್ರಿ?"

ನಾನು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಥ್ಯಾಂಕ್ಸ್ ಬರುತ್ತೆ, ಇಲ್ಲಾ ಬೈಗುಳ ಬರುತ್ತೆ ಅಂದುಕೊಂಡಿದ್ದೆ. ಪಟ್ಟಿ ಮಾಡಿ ಕಳಿಸಿದೆ. ಹೆಸರುಗಳು, ಟ್ಯಾಬಿನ ಹೊತ್ತು, ಕ್ಯಾಮೆರಾದ ದಾರಿ. ಕ್ಯಾಮೆರಾ ಚಿತ್ರ ನೋಡಿಲ್ಲ, ನೋಡೋ ಪ್ರಯತ್ನವನ್ನೂ ಮಾಡಿಲ್ಲ ಅಂತ ಬರೆದೆ. ಅದು ನಿಜ. ಆದರೆ ಬರೆದ ಮೇಲೆ ಓದಿದರೆ ಸುಳ್ಳು ಹೇಳೋರು ಬರೆಯೋ ಥರವೇ ಇತ್ತು. ನೀಲಿ ಗೆರೆ ಬಂತು. ಆಮೇಲೆ ಏನೂ ಬರಲಿಲ್ಲ. ಬರಬೇಕು ಅಂತಲೂ ಇಲ್ಲ. ನಂಬರ್ ಅಳಿಸಿದೆ.

ಆ ರಾತ್ರಿ ನೆನಪಾಗಿದ್ದು ನನ್ನದೇ ರೂಟರ್. 2021ರಲ್ಲಿ ಮನೆ ಬದಲಾಯಿಸುವಾಗ ಹಳೇ ಮಿಕ್ಸಿ, ಪೇಪರ್ ಕಟ್ಟು, ಮುರಿದ ಕುರ್ಚಿ ಜೊತೆ ಗುಜರಿಯವನಿಗೆ ಅದನ್ನೂ ಕೊಟ್ಟಿದ್ದೆ. ಪಿನ್ನು ಚುಚ್ಚಿದ್ದೆನಾ? ಎಷ್ಟು ಯೋಚಿಸಿದರೂ ಚುಚ್ಚಿದ ನೆನಪಿಲ್ಲ. ವೈಫೈ ಹೆಸರು ಮಗಳದು, ಪಾಸ್‌ವರ್ಡ್ ನಮ್ಮೂರಿನ ಹೆಸರು ಮತ್ತು ಪಿನ್‌ಕೋಡ್. ಇವತ್ತಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್. ನಮಗೆ ಯಾರೂ ಮೆಸೇಜ್ ಮಾಡಿಲ್ಲ. ಯಾರೂ ನೋಡದೆ ಅದು ಎಲ್ಲೋ ಪುಡಿಯಾಗಿರಬಹುದು, ಅಥವಾ ಯಾರೋ ನೋಡಿ, ನಕ್ಕು, ಸುಮ್ಮನಾಗಿರಬಹುದು.

ಹನ್ನೊಂದೂವರೆಗೆ ಎದ್ದು ಪಾಸ್‌ವರ್ಡ್ ಬದಲಾಯಿಸಿದೆ. ಬೆಳಿಗ್ಗೆ ಎಲ್ಲರ ಫೋನು, ಟಿವಿ, ಮಗಳ ಟ್ಯಾಬು ಒಟ್ಟಿಗೆ ಕೈಕೊಟ್ಟವು. ಒಂದೊಂದಕ್ಕೂ ಹೊಡೀತಾ ಕೂತೆ. ಹೆಂಡತಿ ಬೆಡ್‌ರೂಮಿನಿಂದ ಕೂಗಿದಳು, "ಇಲ್ಲಿ ಮೂರು ಕಡ್ಡಿ ಬರ್ತಿದೆ ಕಣೋ, ಆದ್ರೆ ಕನೆಕ್ಟ್ ಆಗ್ತಿಲ್ಲ!"